ಕಾರಣ ಬರೆಯಲು ಜಾಗವಿಲ್ಲದ ಕಾಗದ

"ಮೇಡಂ, ಇದರಲ್ಲಿ ನಾನು ಎಲ್ಲಿ ಬರೆಯಬೇಕು?"

ಪ್ಯಾಕಿಂಗ್ ವಿಭಾಗದ ಆಕೆ ಎಚ್ಚರಿಕೆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಹೀಗೆ ಕೇಳಿದಾಗ, ಸಹಿ ಹಾಕಬೇಕಾದ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ಅದಲ್ಲ ಎಂದರು. "ಸಹಿ ಗೊತ್ತು. ಯಾಕೆ ತಡವಾಯಿತು ಎನ್ನುವುದನ್ನು ಎಲ್ಲಿ ಬರೆಯಲಿ?"

ಆ ಪತ್ರವನ್ನು ಟೈಪ್ ಮಾಡಿದವಳು ನಾನೇ. ಅದರ ನಮೂನೆ ನನಗೆ ಬಾಯಿಪಾಠ. ಆದರೂ ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದೆ. ಹೆಸರು, ನೌಕರರ ಸಂಖ್ಯೆ, ವಿಭಾಗ, ತಡವಾದ ದಿನಾಂಕಗಳು, ಒಟ್ಟು ನಿಮಿಷಗಳು. ಅದರ ಕೆಳಗೆ "ಇದು ಪುನರಾವರ್ತನೆಯಾದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು" ಎಂಬ ಸಾಲು. ಅದಾದ ಮೇಲೆ ಸಹಿ. ಕಾರಣ ಬರೆಯಲು ಒಂದು ಬೆರಳಗಲದ ಜಾಗವೂ ಇರಲಿಲ್ಲ. ಅಷ್ಟು ವರ್ಷ ಹಾಜರಾತಿಯ ಲೆಕ್ಕವಿಡುವ ಟೈಮ್ ಆಫೀಸಿನಲ್ಲಿ ಕುಳಿತು ಅಂಥ ನೂರಾರು ಪತ್ರಗಳನ್ನು ಕೊಟ್ಟಿದ್ದೇನೆ. ಆ ಕೊರತೆ ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವರ ಕಾರಣವನ್ನು ಹೇಳಲು ಅರ್ಧ ನಿಮಿಷ ಸಾಕು. ನಾಲ್ಕು ತಿಂಗಳ ಹಿಂದೆ ಬೆಳಗಿನ ಪಾಳಿಯನ್ನು 8 ಗಂಟೆಯಿಂದ 7.30ಕ್ಕೆ ಹಿಂದೆ ತಂದಿದ್ದರು. ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಿದ್ದಷ್ಟೇ. ಅವರ ಮಗು ಇರುವ ಶಿಶುಪಾಲನಾ ಕೇಂದ್ರದ ಬಾಗಿಲು ತೆರೆಯುವುದೇ 7.30ಕ್ಕೆ. ನೆರೆಮನೆಯವರು ಮಗುವನ್ನು ನೋಡಿಕೊಳ್ಳಲು ಒಪ್ಪಿದ ದಿನ ಅವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಒಪ್ಪದ ದಿನ ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತು, ಮಗುವನ್ನು ಒಳಗೆ ಬಿಟ್ಟು, ಓಡಿಬರುತ್ತಿದ್ದರು. ಆ ತಿಂಗಳು ಏಳು ದಿನ ತಡ: 6, 9, 11, 8, 7, 10, 12 ನಿಮಿಷ. ಒಟ್ಟು 63. ಮೂರನೇ ತಡಕ್ಕೇ ಹಾಜರಾತಿ ತಂತ್ರಾಂಶ ತಾನಾಗಿ ಪತ್ರದ ಕರಡು ಸಿದ್ಧಪಡಿಸುತ್ತದೆ. ನಾನು ಅದನ್ನು ತಿದ್ದಿ, ಮುದ್ರಿಸಿ, ಮೇಲಧಿಕಾರಿಯ ಸಹಿ ಪಡೆಯುತ್ತೇನೆ. ಈ ನಡುವೆ ಯಾವ ಹಂತದಲ್ಲೂ ಆಕೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಕೇಳುವ ಹಕ್ಕು ಕೆಲಸ ಕೊಟ್ಟವರಿಗೆ ಖಂಡಿತ ಇದೆ. ಆದರೆ ಶಿಕ್ಷೆಗೆ ಮುಂಚೆ "ಯಾಕೆ" ಎಂದು ಕೇಳುವುದನ್ನು ನಮ್ಮಲ್ಲಿ ದೊಡ್ಡ ಮನಸ್ಸಿನ ಮೇಲಧಿಕಾರಿ ತೋರಿಸುವ ಔದಾರ್ಯವೆಂದು ಎಣಿಸುತ್ತಾರೆ. ಅದು ನೌಕರರ ಹಕ್ಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1982ರಲ್ಲಿ ಅಂಗೀಕರಿಸಿದ 158ನೇ ಒಡಂಬಡಿಕೆಯ 7ನೇ ವಿಧಿ ಇದನ್ನೇ ಹೇಳುತ್ತದೆ: ನಡತೆಯ ಕಾರಣಕ್ಕೆ ಒಬ್ಬರನ್ನು ಕೆಲಸದಿಂದ ತೆಗೆಯುವ ಮುನ್ನ, ಆರೋಪಕ್ಕೆ ಉತ್ತರ ಕೊಡಲು ಅವರಿಗೆ ಅವಕಾಶ ಇರಬೇಕು. ಜೊತೆಗೆ ಬಂದ 166ನೇ ಶಿಫಾರಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮರುಕಳಿಸಿದರೆ ಮಾತ್ರ ವಜಾಕ್ಕೆ ಯೋಗ್ಯವಾಗುವ ತಪ್ಪಿಗೆ, ಲಿಖಿತ ಎಚ್ಚರಿಕೆ ಕೊಡದೆ ಕೆಲಸದಿಂದ ತೆಗೆಯಬಾರದು ಎನ್ನುತ್ತದೆ. ತಡವಾಗಿ ಬರುವುದು ಸರಿಯಾಗಿ ಈ ಬಗೆಯ ತಪ್ಪು. ಒಡಂಬಡಿಕೆಯನ್ನು ಎಲ್ಲ ದೇಶಗಳೂ ಅನುಮೋದಿಸಿಲ್ಲ, ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಇದೇ ತಿರುಳು ಬೇರೆ ಬೇರೆ ದೇಶಗಳ ಕಾನೂನಿನಲ್ಲಿ ಬೇರೆ ಬೇರೆ ಮಾತುಗಳಲ್ಲಿ ಬಂದಿದೆ. ಜರ್ಮನಿಯಲ್ಲಿ ತಡವಾಗಿ ಬಂದದ್ದಕ್ಕೆ ವಜಾ ಮಾಡಬೇಕಾದರೆ ಸಾಮಾನ್ಯವಾಗಿ ಮೊದಲು ಒಂದು ವಿಧಿವತ್ತಾದ ಎಚ್ಚರಿಕೆ ಇರಲೇಬೇಕು. ಬ್ರಿಟನ್ನಿನಲ್ಲಿ ಶಿಸ್ತು ಕ್ರಮದ ಸಂಹಿತೆಯನ್ನು ಮಾಲೀಕರು ಸಕಾರಣವಿಲ್ಲದೆ ಗಾಳಿಗೆ ತೂರಿದ್ದರೆ, ನ್ಯಾಯಮಂಡಳಿ ಪರಿಹಾರದ ಮೊತ್ತವನ್ನು ಶೇ 25ರವರೆಗೆ ಏರಿಸಬಹುದು.

ಭಾರತದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪುಗೊಂಡ ಮಾದರಿ ಆದೇಶಗಳನ್ನು, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಮಾದರಿ ನಿಯಮಗಳನ್ನು, ನಾನು ಆ ವಾರ ಮೊದಲ ಬಾರಿ ಪೂರ್ತಿ ಓದಿದೆ. ಅಲ್ಲಿನ ದುರ್ನಡತೆಯ ಪಟ್ಟಿಯಲ್ಲಿ ಕಳ್ಳತನ, ಲಂಚ, ಬೇಕೆಂದೇ ಮಾಡಿದ ಹಾನಿ ಇವುಗಳ ಜೊತೆಯಲ್ಲೇ ತಡವಾಗಿ ಬರುವುದೂ ಇದೆ. ಆದರೆ ಅದರ ಹಿಂದೆ ಒಂದು ವಿಶೇಷಣವಿದೆ: "ರೂಢಿಯಾಗಿ" ತಡವಾಗಿ ಬರುವುದು. ಕಳ್ಳತನದ ಹಿಂದೆ ಆ ಪದವಿಲ್ಲ, ಕಳ್ಳತನಕ್ಕೆ ಒಂದು ಸಲ ಸಾಕು. ತಡಕ್ಕೆ ಸಾಲದು. ಎಷ್ಟು ಸಲವಾದರೆ ರೂಢಿ ಎಂಬ ಅಂಕಿಯನ್ನೂ ಅಲ್ಲಿ ಕೊಟ್ಟಿಲ್ಲ. ಇನ್ನಷ್ಟು ಕೆಳಗೆ, ಶಿಕ್ಷೆ ಕೊಡುವಾಗ ತಪ್ಪಿನ ಗುರುತ್ವ, ಹಿಂದಿನ ಸೇವಾ ದಾಖಲೆ, ತಪ್ಪಿನ ಭಾರವನ್ನು ತಗ್ಗಿಸುವ ಸಂದರ್ಭಗಳು ಇದ್ದರೆ ಅವು, ಇಷ್ಟನ್ನೂ ಗಮನಿಸಬೇಕು ಎಂದಿದೆ. ಕಾರಣ ಬರೆಯಲು ಜಾಗವೇ ಇಲ್ಲದ ಕಾಗದದಿಂದ ಯಾವ ಸಂದರ್ಭವನ್ನು ಗಮನಿಸಲು ಸಾಧ್ಯ? "ಮೂರು ಸಲವಾದರೆ ಪತ್ರ" ಎಂಬ ಲೆಕ್ಕ ನಮ್ಮ ತಂತ್ರಾಂಶದ್ದು. ಅದನ್ನೇ ಕಾನೂನೆಂದು ನಾವೆಲ್ಲರೂ ನಂಬಿ ಕುಳಿತಿದ್ದೆವು.

ಇದನ್ನು ಓದುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದವನು ಅದಕ್ಕೂ ಎರಡು ವರ್ಷ ಮುಂಚೆ ಕೆಲಸ ಕಳೆದುಕೊಂಡ ಒಬ್ಬ ಹುಡುಗ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಕೆಲಸ ಕಾಯಂ ಆಗಿರಲಿಲ್ಲ. ಸಂಜೆ ಪಾಳಿಯವರು ಕಡಿಮೆ ಬಿದ್ದಾಗಲೆಲ್ಲ ಅವನನ್ನು ಉಳಿಸಿಕೊಳ್ಳುತ್ತಿದ್ದರು. ರಾತ್ರಿ 11.30ಕ್ಕೆ ಹೊರಗೆ, ಮರುದಿನ ಬೆಳಿಗ್ಗೆ ಮತ್ತೆ ಮೊದಲ ಪಾಳಿಗೆ ಒಳಗೆ. ನಾಲ್ಕನೇ ಸಲ ತಡವಾದಾಗ, ಅಂದು 40 ನಿಮಿಷ, ನಾಳೆಯಿಂದ ಬರಬೇಡ ಎಂದರು. ಅವನ ಕೊನೆಯ ಲೆಕ್ಕವನ್ನು ಟೈಪ್ ಮಾಡಿದವಳೂ ನಾನೇ. ನಾಲ್ಕೂ ತಡಗಳ ಹಿಂದಿನ ರಾತ್ರಿ ಅವನು ಎರಡು ಪಾಳಿ ದುಡಿದಿದ್ದ ಎಂಬುದು ಅದೇ ಕಂಪ್ಯೂಟರಿನ ಇನ್ನೊಂದು ಪುಟದಲ್ಲಿತ್ತು. ಆ ಪುಟವನ್ನು ನಾನು ತೆರೆಯಲಿಲ್ಲ. ತೆರೆಯಬೇಕೆಂದು ಯಾರೂ ಹೇಳಿರಲಿಲ್ಲ, ನಿಜ. ಆದರೆ ತೆರೆಯಬೇಡವೆಂದೂ ಯಾರೂ ಹೇಳಿರಲಿಲ್ಲ.

ಐರೋಪ್ಯ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದ ಪ್ರಕಾರ, ಪ್ರತಿ 24 ಗಂಟೆಗಳಲ್ಲಿ ನೌಕರರಿಗೆ ಎಡೆಬಿಡದ 11 ಗಂಟೆಗಳ ವಿಶ್ರಾಂತಿ ಸಿಗಬೇಕು. ರಾತ್ರಿ 11.30ಕ್ಕೆ ಬಿಟ್ಟವನು ಮರುದಿನ ಬೆಳಿಗ್ಗೆ 10.30ಕ್ಕೆ ಮುಂಚೆ ಗೇಟಿನಲ್ಲಿ ನಿಲ್ಲಲೇಬಾರದು. ಆಗ ಮೊದಲ ಪಾಳಿ 8ಕ್ಕೆ. ಆ ಲೆಕ್ಕ ಹಿಡಿದರೆ ಆ ಹುಡುಗ 40 ನಿಮಿಷ ತಡವಾಗಿ ಬಂದವನಲ್ಲ, ಒಂದು ಗಂಟೆ 50 ನಿಮಿಷ ಮುಂಚೆ ಬಂದವನು. ನಿಯಮ ಬೇರೆ ನೆಲದ್ದು, ಒಪ್ಪುತ್ತೇನೆ. ಆದರೆ ಮನುಷ್ಯನ ಮೈಗೆ ನಿದ್ದೆ ಬೇಕಾಗುವುದು ಎಲ್ಲ ನೆಲದಲ್ಲೂ ಒಂದೇ ರೀತಿ.

ಮತ್ತೆ ಪ್ಯಾಕಿಂಗ್ ವಿಭಾಗದ ಆಕೆಯ ವಿಷಯ. ಅಂದು ಮಧ್ಯಾಹ್ನ ಅವರ ತಿಂಗಳ ಹಾಜರಾತಿಯಲ್ಲಿ ಒಳಬಂದ ಸಮಯದ ಜೊತೆಗೆ ಹೊರಹೋದ ಸಮಯವನ್ನೂ ತೆಗೆದು ಕೂಡಿಸಿದೆ. ಪಾಳಿ ಮುಗಿದ ಮೇಲೆ ಎಣಿಕೆ ತಾಳೆಯಾಗದೆಯೋ, ಕೊನೆಯ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲೋ ನಿಂತ ನಿಮಿಷಗಳು ಅವು. ಒಟ್ಟು 214. ಬೆಳಗಿನ 63 ನಿಮಿಷಗಳಿಗೆ ಎಚ್ಚರಿಕೆ ಪತ್ರ. ಸಂಜೆಯ 214 ನಿಮಿಷಗಳಿಗೆ ಹೆಚ್ಚುವರಿ ಕೂಲಿಯೂ ಇಲ್ಲ, ಒಂದು ಅಡಿಟಿಪ್ಪಣಿಯೂ ಇಲ್ಲ. ಅರ್ಧ ಗಂಟೆಗಿಂತ ಕಡಿಮೆಯಾದರೆ ಓಟಿ ಎಂದು ಲೆಕ್ಕಕ್ಕೆ ಹಿಡಿಯಬಾರದೆಂದು ತಂತ್ರಾಂಶಕ್ಕೆ ಹೇಳಿಕೊಡಲಾಗಿತ್ತು. ಬೆಳಿಗ್ಗೆ ಒಂದೊಂದು ನಿಮಿಷವನ್ನೂ ಹೆಕ್ಕುವ ಯಂತ್ರ ಸಂಜೆ 29 ನಿಮಿಷಗಳನ್ನು ಕಾಣದಂತೆ ಇರುತ್ತಿತ್ತು.

ಇದು ಯಂತ್ರದಿಂದ ಶುರುವಾದ ರೋಗವಲ್ಲ. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನ ಗಿರಣಿಗಳಲ್ಲಿ ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೂ ರಾತ್ರಿ ಹಿಂದಕ್ಕೂ ತಿರುಗಿಸುತ್ತಿದ್ದರು ಎಂದು ಅಲ್ಲಿ ದುಡಿದವರೇ ಹೇಳಿಹೋಗಿದ್ದಾರೆ. ಕೆಲಸಗಾರರು ಸ್ವಂತ ಗಡಿಯಾರ ಇಟ್ಟುಕೊಳ್ಳಲು ಹೆದರುತ್ತಿದ್ದರಂತೆ. 1888ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ ಹಾಜರಾತಿ ಗಡಿಯಾರವನ್ನು ರೂಪಿಸಿದ. ನೌಕರ ತನ್ನ ಸಂಖ್ಯೆಯ ಕೀಲಿ ಹಾಕಿದರೆ ಸಮಯ ಕಾಗದದ ಮೇಲೆ ಮುದ್ರಿತವಾಗುತ್ತಿತ್ತು. ಅಲ್ಲಿಂದ ಮುಂದೆ ನೌಕರನ ಕೈಯಲ್ಲೂ ಒಂದು ಪುರಾವೆ ಇರಲು ಸಾಧ್ಯವಾಯಿತು ಎಂಬುದನ್ನು ನಾವು ಮರೆಯುತ್ತೇವೆ. ಬಂದದ್ದನ್ನು ದಾಖಲಿಸುವ ಯಂತ್ರ ಹೋದದ್ದನ್ನೂ ದಾಖಲಿಸುತ್ತದೆ. ಆ ಎರಡನೇ ಅಂಕಣವನ್ನು ಓದುವವರು ಬೇಕು, ಅಷ್ಟೇ. ಅಮೆರಿಕದ ಒಕ್ಕೂಟ ನಿಯಮಗಳಲ್ಲಿ ಸಮಯವನ್ನು ಹತ್ತಿರದ ಕಾಲು ಗಂಟೆಗೆ ಸರಿಹೊಂದಿಸಿ ಬರೆಯಲು ಅವಕಾಶವಿದೆ. ಆದರೆ ಕಾಲಕ್ರಮದಲ್ಲಿ ಆ ಲೆಕ್ಕದಿಂದ ನೌಕರರಿಗೆ ದುಡಿದ ಹೊತ್ತಿನ ಪೂರ್ತಿ ಕೂಲಿ ದಕ್ಕುವಂತಿರಬೇಕು ಎಂಬ ಷರತ್ತೂ ಇದೆ. ಏಳು ನಿಮಿಷ ತಡವಾದರೆ ಬಿಟ್ಟುಬಿಡುವುದಾದರೆ, ಎಂಟು ನಿಮಿಷ ಹೆಚ್ಚು ದುಡಿದದ್ದು ಹದಿನೈದಾಗಬೇಕು. ಇಷ್ಟು ನೇರವಾದ ಮಾತು ನಮ್ಮ ತಂತ್ರಾಂಶದಲ್ಲಿ ಇರಲಿಲ್ಲ.

ನನ್ನ ಹಾಳೆಯನ್ನು ಹಿಡಿದುಕೊಂಡು ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರ ಬಳಿಗೆ ಹೋದೆ. ಅವರು ಕೆಟ್ಟವರಲ್ಲ. "ಮೇಡಂ, ಒಂದು ಸಾಲಿನಲ್ಲಿ ಆರು ಜನ. ಐವರು ಬಂದು ನಿಂತಿರುತ್ತಾರೆ, ಒಬ್ಬರಿಲ್ಲದಿದ್ದರೆ ಬೆಲ್ಟ್ ಹೊರಡುವುದಿಲ್ಲ. ಆ ಐವರಲ್ಲೂ ಮಕ್ಕಳಿರುವವರು ಇದ್ದಾರೆ" ಎಂದರು. ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಬರುವವರ ಶ್ರಮ ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಇನ್ನೊಬ್ಬರ ಹತ್ತು ನಿಮಿಷವನ್ನು ಹೊರುವವರು ಅವರೇ. ರಾತ್ರಿಪಾಳಿಯ ದಾದಿ, ಕಾವಲುಗಾರ, ಬಸ್ ಚಾಲಕ ಇವರ ಜಾಗಕ್ಕೆ ಬರಬೇಕಾದವರು ಬಾರದಿದ್ದರೆ ಅವರು ಮನೆಗೇ ಹೋಗುವಂತಿಲ್ಲ. ಶಿಸ್ತು ಬೇಕೇ ಬೇಕು. ಅದಕ್ಕೇ ನಾನು ಅವರಿಗೆ ಹೇಳಿದೆ: ಪತ್ರ ಕೊಟ್ಟಿದ್ದರಿಂದ ಬೆಲ್ಟ್ ಒಂದು ದಿನವಾದರೂ ಬೇಗ ಹೊರಟಿತೇ? ಇಲ್ಲ. ಶಿಶುಪಾಲನಾ ಕೇಂದ್ರದ ಬಾಗಿಲು ಎಚ್ಚರಿಕೆ ಪತ್ರಕ್ಕೆ ಹೆದರಿ ತೆರೆದುಕೊಳ್ಳುವುದಿಲ್ಲ. ಕಾರಣ ಗೊತ್ತಾಗಿದ್ದರೆ ಮೊದಲ ವಾರವೇ ಬೇರೆ ದಾರಿ ಹುಡುಕಬಹುದಿತ್ತು. ಹುಡುಕಿದಾಗ ಸಿಕ್ಕಿತು ಕೂಡ. ದಾಸ್ತಾನು ವಿಭಾಗದಲ್ಲಿ 8 ಗಂಟೆಗೆ ಶುರುವಾಗುವ ಕೆಲಸವಿತ್ತು. ಆಕೆ ಈಗ ಅಲ್ಲಿದ್ದಾರೆ.

ಸಂಬಳ ಕಡಿತದ ಬಗ್ಗೆ ಜನರಿಗೆ ಇರುವ ಗೊಂದಲವೇ ಎಲ್ಲಕ್ಕಿಂತ ಹೆಚ್ಚು. ಎರಡು ಬೇರೆ ವಿಷಯಗಳನ್ನು ಒಂದೇ ಎಂದುಕೊಳ್ಳುವುದರಿಂದ ನಷ್ಟವಾಗುತ್ತದೆ. ದುಡಿಯದ ಹೊತ್ತಿಗೆ ಕೂಲಿ ಕೊಡದಿರುವುದು ಒಂದು. ತಪ್ಪಿಗೆಂದು ದಂಡ ಹಾಕುವುದು ಇನ್ನೊಂದು. ಹತ್ತು ನಿಮಿಷ ತಡವಾದವರಿಗೆ ಹತ್ತು ನಿಮಿಷದ ಕೂಲಿ ಹಿಡಿದರೆ ಅದು ಮೊದಲನೆಯದು. ಅರ್ಧ ದಿನದ ಕೂಲಿ ಹಿಡಿದರೆ, ಉಳಿದ ಭಾಗಕ್ಕೆ ಯಾವ ಹೆಸರು ಕೊಟ್ಟರೂ ಅದು ದಂಡವೇ. ಭಾರತದ 2019ರ ವೇತನ ಸಂಹಿತೆಯಲ್ಲಿ ಗೈರುಹಾಜರಿಯ ಕಡಿತ ಗೈರಾದ ಅವಧಿಯ ಪ್ರಮಾಣವನ್ನು ಮೀರುವಂತಿಲ್ಲ. ದಂಡವಾದರೆ, ಯಾವ ತಪ್ಪಿಗೆ ಎಂಬುದನ್ನು ಮೊದಲೇ ಪ್ರಕಟಿಸಿರಬೇಕು, ಕಾರಣ ಹೇಳಲು ನೌಕರರಿಗೆ ಅವಕಾಶ ಕೊಟ್ಟಿರಬೇಕು, ಒಂದು ವೇತನ ಅವಧಿಯಲ್ಲಿ ಎಲ್ಲ ದಂಡಗಳೂ ಸೇರಿ ಆ ಅವಧಿಯ ವೇತನದ ಶೇ 3ನ್ನು ಮೀರಬಾರದು, ವಿಧಿಸಿ 90 ದಿನ ಕಳೆದ ಮೇಲೆ ವಸೂಲು ಮಾಡಬಾರದು. ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆಯ 91ನೇ ವಿಧಿ ಒಂದು ತಪ್ಪಿಗೆ ಹಾಕುವ ಕಡಿತವನ್ನು ಸರಾಸರಿ ದಿನಗೂಲಿಯ ಅರ್ಧಕ್ಕೂ, ಒಟ್ಟು ಕಡಿತವನ್ನು ಆ ಅವಧಿಯ ವೇತನದ ಹತ್ತನೇ ಒಂದು ಭಾಗಕ್ಕೂ ನಿಲ್ಲಿಸುತ್ತದೆ. ಫ್ರಾನ್ಸ್ ಈ ತಂಟೆಯನ್ನೇ ಇಟ್ಟುಕೊಂಡಿಲ್ಲ. ಅಲ್ಲಿನ ಕಾರ್ಮಿಕ ಸಂಹಿತೆ ಹಣದ ದಂಡವನ್ನು ಪೂರ್ತಿ ನಿಷೇಧಿಸಿದೆ. ಜೊತೆಗೆ, ತಪ್ಪು ಮಾಲೀಕರ ಗಮನಕ್ಕೆ ಬಂದು ಎರಡು ತಿಂಗಳು ಕಳೆದ ಮೇಲೆ ಅದಕ್ಕಾಗಿ ಹೊಸದಾಗಿ ಶಿಸ್ತು ಕ್ರಮ ಆರಂಭಿಸುವಂತಿಲ್ಲ. ನನಗೆ ಇದು ಬಹಳ ಸರಿಯೆನಿಸುತ್ತದೆ. ಹಳೆಯ ತಡಗಳನ್ನು ಜೇಬಿನಲ್ಲಿಟ್ಟುಕೊಂಡು, ಬೇಡವಾದ ದಿನ ಹೊರತೆಗೆಯುವ ಮೇಲಧಿಕಾರಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಂತ್ರ ವಿಭಾಗದ ಹಿರಿಯರೊಬ್ಬರ ವಿಷಯವನ್ನೂ ಹೇಳಬೇಕು. ಮೂವತ್ತು ವರ್ಷ ಎಣ್ಣೆ, ಕಬ್ಬಿಣದ ಚೂರುಗಳ ನಡುವೆ ದುಡಿದ ಅವರ ಬೆರಳ ತುದಿಗಳು ನುಣುಪಾಗಿಬಿಟ್ಟಿವೆ. ಬೆರಳಚ್ಚು ಯಂತ್ರ ಅವರನ್ನು ಗುರುತಿಸಲು ಐದಾರು ಸಲ ಒತ್ತಬೇಕು. ಹಿಂದಿನವರು ಗೊಣಗಿದಾಗ ಅವರು ಪಕ್ಕಕ್ಕೆ ಸರಿದು, ಎಲ್ಲರೂ ಹೋದ ಮೇಲೆ ಮತ್ತೆ ಪ್ರಯತ್ನಿಸುತ್ತಿದ್ದರು. ಕಾವಲುಗಾರರ ಪುಸ್ತಕದಲ್ಲಿ ಅವರು ಗೇಟು ದಾಟಿದ್ದು 7.21, ಯಂತ್ರದಲ್ಲಿ 7.38. ಹೀಗೆ ಎಷ್ಟೋ ತಿಂಗಳು ಅರ್ಧ ದಿನದ ಕೂಲಿ ಕಳೆದುಕೊಂಡಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಯಂತ್ರ ಸುಳ್ಳು ಹೇಳುತ್ತದೆ ಎಂದರೆ ಯಾರು ನಂಬುತ್ತಾರೆ ತಾಯಿ" ಎಂದರು. ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಕೊನೆಯ ಎರಡು ತಿಂಗಳ ಹಣ ಮಾತ್ರ ವಾಪಸಾಯಿತು. ಅದಕ್ಕೂ ಹಿಂದಿನದು ಬರಲಿಲ್ಲ. ಅವರು ಕೇಳಲೂ ಇಲ್ಲ. ನಾನು ಈಗಲೂ ಕೇಳುತ್ತಿದ್ದೇನೆ.

ಕಾಯಿಲೆಯಿಂದ ತಡವಾಗುವವರ ಮಾತು ಬೇರೆ, ಅದಕ್ಕೆ ಬೇರೆಯೇ ಕಾನೂನುಗಳಿವೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ, ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಮುಂತಾದವು ಅಂಥವರಿಗೆ ಯುಕ್ತವಾದ ಹೊಂದಾಣಿಕೆ ಮಾಡಿಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕುತ್ತವೆ. ಕೆಲಸದ ಹೊತ್ತನ್ನು ಬದಲಿಸುವುದೂ ಅದರಲ್ಲಿ ಸೇರಬಹುದು. ಬೆಳಿಗ್ಗೆ ಮಾತ್ರೆಯ ಮಂಪರಿನಿಂದ ಏಳಲಾಗದವರು ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಕಡತದಲ್ಲಿ ಉಳಿಯುವುದು ಸೋಮಾರಿತನ ಎಂಬ ಪದವೊಂದೇ.

ಈಗ ನಿಮ್ಮಲ್ಲಿ ಯಾರ ಕೈಯಲ್ಲಾದರೂ ಅಂಥ ಪತ್ರವಿದ್ದರೆ, ಟೈಮ್ ಆಫೀಸಿನ ಈಚೆ ಬದಿಯಲ್ಲಿ ಕುಳಿತವಳಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಸಹಿ ಮಾಡಲು ಹೆದರಬೇಡಿ, ಆದರೆ ಸಹಿಯ ಪಕ್ಕದಲ್ಲಿ "ಪತ್ರ ತಲುಪಿದೆ" ಎಂದು ಬರೆದು ದಿನಾಂಕ ಹಾಕಿ. ತಲುಪಿದೆ ಎಂದರೆ ಒಪ್ಪಿದೆ ಎಂದಲ್ಲ. ಉತ್ತರವನ್ನು ಪತ್ರದಲ್ಲಿ ಹೇಳಿದ ಗಡುವಿನೊಳಗೆ ಕೊಡಿ, ಗಡುವು ಸಾಲದಿದ್ದರೆ ಹೆಚ್ಚು ದಿನ ಬೇಕೆಂದು ಬರೆದು ಕೇಳಿ. ಬಾಯಲ್ಲಿ ಹೇಳಿದ್ದು ಆ ಸಂಜೆಗೇ ಕರಗಿಹೋಗುತ್ತದೆ. ನನ್ನ ಕಡತದಲ್ಲಿ ಬಾಯಿಮಾತಿಗೆ ಪುಟವಿಲ್ಲ. ಕ್ಷಮೆ ಕೇಳುವುದರಲ್ಲೇ ಪುಟ ತುಂಬಿಸಬೇಡಿ. ಯಾವ ದಿನ, ಯಾಕೆ, ಅದನ್ನು ಯಾರಿಗೆ ಮುಂಚೆ ತಿಳಿಸಿದ್ದಿರಿ, ಮುಂದೆ ಏನಾದರೆ ಇದು ತಪ್ಪುತ್ತದೆ, ಇಷ್ಟು ಇರಲಿ. ರೈಲು ತಡವಾಗಿದ್ದರೆ ಅದರ ಪುರಾವೆ ಲಗತ್ತಿಸಿ. ಜಪಾನಿನಲ್ಲಿ ರೈಲು ಸಂಸ್ಥೆಗಳು ತಡವಾದ ದಿನ ಪ್ರಯಾಣಿಕರಿಗೆ ಪ್ರಮಾಣಪತ್ರವನ್ನೇ ಕೊಡುತ್ತವೆ. ನಮ್ಮ ಮೊಬೈಲ್‌ನಲ್ಲಿ ತೆಗೆದ ನಿಲ್ದಾಣದ ಫಲಕದ ಚಿತ್ರವೂ ಅಷ್ಟೇ ಕೆಲಸ ಮಾಡಬಲ್ಲದು. ನಿಮ್ಮ ಹಾಜರಾತಿಯ ಪ್ರತಿ ಕೇಳಿ, ಒಳಬಂದದ್ದು ಮಾತ್ರವಲ್ಲ, ಹೊರಹೋದದ್ದೂ ಇರುವ ಪ್ರತಿ. ಅದೇ ತಪ್ಪು ಬೇರೆಯವರದ್ದಾದಾಗ ಸುಮ್ಮನಿದ್ದು ನಿಮ್ಮದಕ್ಕೆ ಮಾತ್ರ ಪತ್ರ ಬಂದಿದ್ದರೆ ಅದನ್ನೂ ಬರೆಯಿರಿ, ಆದರೆ ಸಹೋದ್ಯೋಗಿಯ ಹೆಸರೆತ್ತಿ ಅವರನ್ನು ಸಿಕ್ಕಿಸಬೇಡಿ. ವಿಚಾರಣೆಗೆ ಕರೆದರೆ ಜೊತೆಗೆ ಒಬ್ಬರನ್ನು ಕರೆತರಬಹುದೇ ಎಂದು ಕೇಳಿ. ಉತ್ತರದ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಮನೆಯಲ್ಲಿಡಿ. ಮೊಹರು ಹಾಕಲು ನಿರಾಕರಿಸಿದರೆ ಅಂಚೆಯಲ್ಲೋ ಇಮೇಲಿನಲ್ಲೋ ಕಳುಹಿಸಿ.

ಆ ಹುಡುಗನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅವನ ಕಡತದ ಕೊನೆಯ ಹಾಳೆಯಲ್ಲಿ ಈಗಲೂ ಇರುವುದು ನಾನು ಟೈಪ್ ಮಾಡಿದ ಎರಡು ಸಾಲು. ಅದಕ್ಕೆ ಅವನ ಹಿಂದಿನ ನಾಲ್ಕು ರಾತ್ರಿಗಳ ಹಾಜರಾತಿಯನ್ನು ಮುದ್ರಿಸಿ ಸೇರಿಸಿದ್ದೇನೆ. ಅದರಿಂದ ಅವನಿಗೆ ಕೆಲಸ ಮರಳಿ ಸಿಗುವುದಿಲ್ಲ ಎಂದು ನನಗೆ ಗೊತ್ತು. ಆ ಕಡತವನ್ನು ಮುಂದೆ ಯಾರಾದರೂ ತೆರೆದರೆ ಪೂರ್ತಿ ನಡೆದದ್ದು ಅವರ ಕಣ್ಣಿಗೆ ಬೀಳಲಿ ಎಂದು ಹಾಗೆ ಮಾಡಿದೆ.

ಎಚ್ಚರಿಕೆ ಪತ್ರದ ನಮೂನೆಯನ್ನು ಬದಲಿಸಲು ಎಂಟು ತಿಂಗಳು ಹಿಡಿಯಿತು. "ನೌಕರರ ವಿವರಣೆ" ಎಂಬ ತಲೆಬರಹದ ಕೆಳಗೆ ಆರು ಗೆರೆ ಕೇಳಿದ್ದೆ, ಮೂರು ಸಿಕ್ಕಿವೆ. ಪತ್ರ ಕೈಗಿಡುವಾಗ ಆ ಮೂರು ಗೆರೆಗಳನ್ನು ತೋರಿಸಿ, ಸಾಲದಿದ್ದರೆ ಹಾಳೆ ತಿರುಗಿಸಿ ಹಿಂಬದಿಯಲ್ಲೂ ಬರೆಯಿರಿ ಎಂದು ಹೇಳುತ್ತೇನೆ. ಪೆನ್ನು ತಂದಿಲ್ಲದವರಿಗೆ ನನ್ನದನ್ನು ಕೊಡುತ್ತೇನೆ.